ಮತ್ತೆ ಒತ್ತಿದವರಿಗೆ ಜಾಗ

ಅಥವಾ ಅದು ಗುರುವಾರವೇ ಅಲ್ಲವೇನೋ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರು, ಟೀ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ ಎಂದು ನೆನಪು; ಬೆಂಚೋ, ಕಲ್ಲುಚಪ್ಪಡಿಯೋ. ನನ್ನ ನೆನಪಿಗೆ ಎಲ್ಲವನ್ನೂ ಒಪ್ಪವಾಗಿ ಜೋಡಿಸುವ ಚಟವಿದೆ, ಅದನ್ನು ಪೂರ್ತಿ ನಂಬುವುದಿಲ್ಲ. ಗುರುವಾರ ಎಂದೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಹೆಂಡತಿ ಗೊತ್ತುಮಾಡಿದ್ದ ದಿನ ಗುರುವಾರ.

ಮೊಬೈಲ್ ಆಗಷ್ಟೇ ಎಲ್ಲರ ಜೇಬಿಗೆ ಬರತೊಡಗಿತ್ತು. ಒಂದು ಟವರಿನಲ್ಲಿ ಒಮ್ಮೆಗೆ ಇಂತಿಷ್ಟೇ ಕರೆಗಳಿಗೆ ಜಾಗ, ಹೋಗುವ ಕರೆಯಾಗಲಿ ಬರುವ ಕರೆಯಾಗಲಿ. ಬೆಳಗಿನ ಹರಾಜಿನ ಹೊತ್ತಿಗೆ ಅದು ತುಂಬಿಹೋಗುತ್ತಿತ್ತು. ಇರುವ ಜಾಗವನ್ನು ಮೊದಲು ಯಾರಿಗೆ ಕೊಡಬೇಕು ಎಂಬುದಕ್ಕೆ ನಾನೊಂದು ವಿಧಾನ ಕಂಡುಹಿಡಿದಿದ್ದೆ. ಒಂದೇ ನಂಬರನ್ನು ಮತ್ತೆ ಮತ್ತೆ ಒತ್ತುವವರಿಗೆ ಅವಸರ ಹೆಚ್ಚು, ಅವರಿಗಾಗಿ ಒಂದಷ್ಟು ಜಾಗ ಕಾದಿರಿಸಬೇಕು. ಕಂಪನಿಯವರು ಆ ವಾರ ಶಿಡ್ಲಘಟ್ಟದ ಟವರಿನಲ್ಲಿ ಅದನ್ನು ಪರೀಕ್ಷೆಗೆ ಬಿಟ್ಟಿದ್ದರು.

ಹೆಂಡತಿ ಗೌರಿಬಿದನೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು. ಜಗಳ ಎನ್ನುವಂಥದ್ದೇನೂ ಆಗದೆ ನಾವು ಬೇರೆ ಇದ್ದು ಕೆಲವು ತಿಂಗಳಾಗಿದ್ದವು. ಹಿಂದಿನ ಭಾನುವಾರ ಬಸ್ ಹತ್ತುವ ಮುಂಚೆ ಅವಳು ಹೇಳಿದ್ದಳು:

"ಗುರುವಾರ ಸ್ಕೂಲ್ ಶುರುವಾಗೋಕ್ ಮುಂಚೆ ನಾನು ಒಂದ್ ರಿಂಗ್ ಕೊಟ್ರೆ ವಾಪಸ್ ಬರ್ತೀನಿ ಅಂತ. ಕೊಡ್ಲಿಲ್ಲ ಅಂದ್ರೆ ಯಾಕೆ ಅಂತ ಕೇಳ್ಬೇಡಿ."

ಆ ಬೆಳಿಗ್ಗೆ ಕಾದಿರಿಸಿದ ಜಾಗವೆಲ್ಲ ಭರ್ತಿಯಾಗಿರುವುದು ಪರದೆಯ ಮೇಲೆ ಕಾಣುತ್ತಿತ್ತು, ಆದರೆ ಮಾತಾಡುತ್ತಿರುವವರು ಯಾರೂ ಇರಲಿಲ್ಲ. ನನ್ನ ಪಕ್ಕ, ಕೆಂಚಾರ್ಲಹಳ್ಳಿಯಿಂದ ಗೂಡು ತಂದಿದ್ದ ರೈತರೊಬ್ಬರು ನಂಬರು ಒತ್ತುವುದು, ಕಟ್ ಮಾಡುವುದು, ಮತ್ತೆ ಒತ್ತುವುದು ನಡೆಸಿದ್ದರು.

"ಲೈನ್ ಸಿಗ್ತಿಲ್ವಾ ಯಜಮಾನ್ರೇ?"

"ಇವತ್ತು ಬೋ ಚೆನ್ನಾಗಿ ಸಿಗ್ತಾ ಐತೆ ಸಾರ್. ಒಂದ್ ರಿಂಗ್ ಅಂದ್ರೆ ಗೂಡು ಹರಾಜಲ್ಲಿ ಹೋಯ್ತು ಅಂತ. ಎರಡು ಅಂದ್ರೆ ರೇಟ್ ಬಿದ್ದೋಯ್ತು. ಮೂರು ಅಂದ್ರೆ ಊಟಕ್ಕೆ ಬರ್ತೀನಿ, ಮುದ್ದೆ ಮಾಡು ಅಂತ."

"ಮನೆಯವರು ಎತ್ತಿಬಿಟ್ರೆ?"

"ಎತ್ತಿದ್ರೆ ಬೈತೀನಿ. ಯಾಕಪ್ಪಾ, ನಿಮ್ಮನೇಲಿ ರಿಂಗ್ ಕೊಡಲ್ವಾ? ಇಷ್ಟೊಂದ್ ಓದಿದೀರಿ."

ನಾನೇ ಒಂದು ರಿಂಗಿಗಾಗಿ ಕಾಯುತ್ತ ಕೂತಿದ್ದೆ. ಆದರೂ ವಿಧಾನ ಬರೆಯುವಾಗ ಮಿಸ್ಡ್ ಕಾಲನ್ನು ಸೋತ ಕರೆ ಎಂದೇ ಎಣಿಸಿದ್ದೆ. ಮಾತು ಬೇಡದವರಿಗೆ ಜಾಗ ಹಿಡಿದಿಟ್ಟು, ಮೊದಲ ಸಲ ಒತ್ತಿದವರನ್ನು ಹೊರಗೆ ನಿಲ್ಲಿಸಿದ್ದೆ.

ಪರೀಕ್ಷೆ ನಿಲ್ಲಿಸಲು ಹೇಳೋಣವೆಂದು ಬೆಂಗಳೂರಿಗೆ ಫೋನ್ ಮಾಡಿದೆ. ಲೈನ್ ಸಿಗಲಿಲ್ಲ. ಮತ್ತೆ ಒತ್ತಿದಾಗ ಸಿಕ್ಕಿತು. ವಿಧಾನ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅಷ್ಟರಲ್ಲಿ ರಿಂಗ್ ಬರದೆಯೇ ಅವಳ ಶಾಲೆಯ ಹೊತ್ತು ಮೀರಿತ್ತು.

ಅವಳು ಯಾವುದನ್ನೂ ಎರಡನೇ ಸಲ ಕೇಳುವವಳಲ್ಲ. ಹೀಗೆ ಬರೆಯುವಾಗಲೂ ಅನುಮಾನ: ಅವಳು ಹಾಗಿದ್ದಳೋ, ನನಗೆ ಅನುಕೂಲವಾಗಲೆಂದು ನಾನೇ ಅವಳನ್ನು ಹಾಗೆ ಮಾಡಿಕೊಂಡಿದ್ದೇನೋ. ಆ ದಿನದ ದಾಖಲೆ ತರಿಸಿ ನೋಡಿದೆ. ಜಾಗ ಸಿಗದ ಕರೆಗಳು ಎಷ್ಟೆಂದು ಅದರಲ್ಲಿತ್ತು, ಯಾರವೆಂದು ಇರಲಿಲ್ಲ. ಕೇಳಬೇಡಿ ಎಂದಿದ್ದಳು, ಕೇಳಲಿಲ್ಲ. ಅವಳೂ ಮತ್ತೆ ಫೋನ್ ಮಾಡಲಿಲ್ಲ.

ಆಮೇಲೆ ವಿಧಾನವನ್ನು ತಿದ್ದಿದೆ. ಪೇಟೆಂಟ್ ಬಂತು, ನನ್ನೊಬ್ಬನ ಹೆಸರಿನಲ್ಲೇ. ಆ ಬೆಳಿಗ್ಗೆ ಅವಳು ನನ್ನ ನಂಬರು ಒತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.