ಕುಡಿಯುವುದಿಲ್ಲವೆಂಬ ಸಹಿ

ನಾವು ಅಮೆರಿಕದ ಟೋಟೆಮ್ ಲೇಕ್‌ಗೆ ಬಂದ ಹೊಸದರಲ್ಲಿ ವಿಸ್ಕಿ ಬೇಕಿದ್ದರೆ ಸರ್ಕಾರಿ ಅಂಗಡಿಗೇ ಹೋಗಬೇಕಿತ್ತು. ಅಮೆರಿಕದ ಪಾನನಿಷೇಧ ಎಂದೋ ಮುಗಿದಿದ್ದರೂ ಈ ರಾಜ್ಯ ಬಿಡದೆ ಉಳಿಸಿಕೊಂಡಿದ್ದ ಬಿಗಿ ಅದು. ದೂರದ ರೆಂಟನ್ ಊರಲ್ಲಿ ಕೆಲಸ ಮುಗಿಸಿ ಟ್ರಾಫಿಕ್‌ನಲ್ಲಿ ಒದ್ದಾಡಿ ಬರುವ ನನ್ನ ಗಂಡನಿಗೆ ಅಲ್ಲಿಗೆ ಹೋಗುವಷ್ಟು ಉಮೇದು ಇರುತ್ತಿರಲಿಲ್ಲ. ಅವರ ಸೋಮಾರಿತನವೇ ನನ್ನ ಪುಣ್ಯ. ೨೦೧೨ರಲ್ಲಿ ಕಾನೂನು ಬದಲಾಗಿ ಬಾಟಲಿಗಳು ದಿನಸಿ ಅಂಗಡಿಗೆ ಬಂದವು, ಹಾಲು ಬ್ರೆಡ್ಡಿನ ಜೊತೆ ನಮ್ಮ ಮನೆಗೂ ಬಂದವು. ಅದಕ್ಕೆ ವೋಟು ಹಾಕಿದವರನ್ನೆಲ್ಲ ಮನಸಾರೆ ಬೈದಿದ್ದೇನೆ. ನನಗೆ ಇಲ್ಲಿ ವೋಟಿರಲಿಲ್ಲ, ಬೈಯುವುದಷ್ಟೇ ಕೈಲಿದ್ದದ್ದು.

ಅದಾಗಿ ಮೂರು ವರ್ಷಕ್ಕೆ, ಏಳನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಪಾನನಿಷೇಧದ ಮೇಲೆಯೇ ಪ್ರಾಜೆಕ್ಟ್ ಕೊಟ್ಟರು. ಆ ಕಾಲದಲ್ಲಿ ಇಲ್ಲಿನ ಹೆಂಗಸರು "ಇನ್ನು ಕುಡಿಯುವುದಿಲ್ಲ" ಎಂಬ ಚೀಟಿಗೆ ಗಂಡಸರ ಸಹಿ ಹಾಕಿಸುತ್ತಿದ್ದರಂತೆ. ಅವಳೂ ಅಂಥದ್ದೊಂದು ಚೀಟಿ ಮಾಡಿದಳು. ಹಳೆಯದಾಗಿ ಕಾಣಲೆಂದು ಕಾಗದಕ್ಕೆ ಚಹಾ ಬಳಿದಳು, ಅಂಚಿಗೆ ಹೂಬಳ್ಳಿ ಬರೆದಳು. ಶನಿವಾರ ಊಟವಾದ ಮೇಲೆ ಅದನ್ನು ಅಪ್ಪನ ಮುಂದೆ ಹಿಡಿದಳು.

"ಸೈನ್ ಇಟ್, ಪಪ್ಪಾ. ಫಾರ್ ರಿಯಲ್."

ಅವಳು ಆಟಕ್ಕೆ ಕೇಳಿದ್ದಲ್ಲ. ಹಿಂದಿನ ಶನಿವಾರ ನಾನು ಮಿಲ್ ಕ್ರೀಕ್‌ನ ಗೆಳತಿಯ ಮನೆಗೆ ಹೋಗಿದ್ದೆ. ಈ ಮನುಷ್ಯ ಹಾಡಹಗಲೇ ಏರಿಸಿ ಮಲಗಿದ್ದರಿಂದ, ಈಜು ಕ್ಲಾಸಿನ ಬಾಗಿಲಲ್ಲಿ ಅವಳು ಒದ್ದೆ ತಲೆಯಲ್ಲಿ ಒಂದು ಗಂಟೆ ಕಾದು ನಿಂತಿದ್ದಳು.

ಅವರು ಪೆನ್ನು ತೆಗೆದು ಸಲೀಸಾಗಿ ಸಹಿ ಜಡಿದರು. ಕೆಳಗೆ ತಾರೀಖು ಬೇರೆ. ಮಗಳ ಮುಖ ಅರಳಿತು. ನನಗೆ ಮೈಯೆಲ್ಲ ಉರಿಯಿತು. ಇಂಥ ಸಹಿ ದಿನಕ್ಕೆ ಹತ್ತು ಬೇಕಾದರೂ ಹಾಕುವ ಆಸಾಮಿ.

"ಕಾಗದ ಇರ್ಲಿ. ಇಕಿ ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡ್ರಿ," ಎಂದೆ.

"ಏ, ಶಾಲಿ ಪ್ರಾಜೆಕ್ಟಿಗೆ ಎಂಥಾ ಆಣಿ?"

"ಮಾಡ್ರಿ ಅಂದ್ರ ಮಾಡ್ರಿ."

ನಾವಿಬ್ಬರೂ ಗದಗಿನಲ್ಲಿ ಬೆಳೆದವರು. ಮಗುವಿನ ತಲೆ ಮುಟ್ಟಿ ಮಾಡಿದ ಆಣೆಗೆ ತಪ್ಪಿದರೆ ಅದು ಮಗುವಿಗೇ ತಟ್ಟುತ್ತದೆ ಎಂಬ ಹೆದರಿಕೆ ಇಂಜಿನಿಯರಿಂಗ್ ಓದಿದ ಮೇಲೂ ಹೋಗಿಲ್ಲ. ಅವರು ಕೈ ಎತ್ತಿದರು. ಮಗಳು ನಗುತ್ತ ತಲೆ ಬಗ್ಗಿಸಿದಳು. ಇನ್ನೇನು ಕೂದಲಿಗೆ ತಾಗಬೇಕು, ಅಷ್ಟರಲ್ಲಿ ಕೈ ಹಿಂದಕ್ಕೆ ಹೋಯಿತು.

"ಅದೊಂದು ಬ್ಯಾಡ," ಎಂದರು, ನನ್ನ ಮುಖ ನೋಡದೆ.

ಮಗಳ ಮೇಲೆ ಇಷ್ಟು ಜೀವ ಇಟ್ಟುಕೊಂಡ ಮನುಷ್ಯನಿಗೆ ಬಾಟಲಿ ಬಿಡಲು ಮಾತ್ರ ಆಗುವುದಿಲ್ಲವಲ್ಲ ಎಂದು ಸಿಟ್ಟಿಗೆ ಅಳುವೇ ಬಂತು.

"ಹೀ ಆಲ್ರೆಡಿ ಸೈನ್ಡ್, ಅಮ್ಮಾ!" ಎಂದು ಮಗಳು ನನ್ನ ಮೇಲೆಯೇ ರೇಗಿದಳು. ಚೀಟಿಯನ್ನು ಮುದುಡದಂತೆ ಫೈಲಿನೊಳಗೆ ಇಟ್ಟುಕೊಂಡಳು. ಆಣೆಯೆಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ.