ಬಾಯಿ ಕೆಂಪಾಗುವ ತನಕ ಕಾಯುವ ಕಾಹಿ

ಕೋಳಿ ಕೂಗಿ ಸ್ವಲ್ಪ ಹೊತ್ತಾಗಿದೆ. ಕಾಹಿ ಲೇಪಿರ್ ಒಲೆಯ ಬೆಳಕಿನಲ್ಲಿ ಕೂತು ಚೀಲ ತುಂಬುತ್ತಿದ್ದಾರೆ. ಅಡಿಕೆ, ಇಲ್ಲಿ ಎಲೆಯ ಬದಲು ಅಗಿಯುವ ವೀಳ್ಯದ ಕಾಯಿ, ಪುಟ್ಟ ಡಬ್ಬಿಯಲ್ಲಿ ಸುಣ್ಣ. ಬೈಬಲ್ಲಿಗೆ ಕೊನೆಯ ಸರದಿ.

“ಅದು ಆಮೇಲೆ. ಮೊದ್ಲು ಬಾಯಿ ಕೆಂಪಾಗ್ಬೇಕು” ಅನ್ನುತ್ತಾರೆ.

ನಮ್ಮ ಸುಂಬಾ ದ್ವೀಪದಲ್ಲಿ ಮನೆಯವರು ವೀಳ್ಯದ ಬುಟ್ಟಿ ಮುಂದೆ ಸರಿಸದೆ ಬಂದವರು ಮಾತು ತೆಗೆಯುವಂತಿಲ್ಲ. ಪಟ್ಟಣದಿಂದ ಅರಳು ಹುರಿದಂತೆ ಮಾತಾಡುತ್ತ ಬಂದ ಬೋಧಕರು ಇದನ್ನು ಮರೆತು, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಗಿದ್ದನ್ನು ನಾನೇ ನೋಡಿದ್ದೇನೆ. ಕಾಹಿ ಈ ಗುಡ್ಡಗಳಲ್ಲೇ ಹುಟ್ಟಿದ ಹೆಂಗಸು. ಬೆಳಗ್ಗೆ ಮನೆಮನೆಗೆ ನಡೆದು ಯೇಸುವಿನ ವಿಷಯ ಹೇಳುತ್ತಾರೆ, ಮಧ್ಯಾಹ್ನ ಮಗ್ಗದಲ್ಲಿ ಬಟ್ಟೆ ನೇಯುತ್ತಾರೆ. ಹೊಟ್ಟೆಗೆ ಹಾಕುವುದು ಮಗ್ಗವೇ. ಚರ್ಚಿನವರಿಗೆ ನೆನಪಾದಾಗ ಒಂದಿಷ್ಟು ಅಕ್ಕಿ ಬರುತ್ತದೆ. ದೀಕ್ಷಾಸ್ನಾನ ಪಡೆದ ದಿನ ಅಪ್ಪ ಮನೆಯಿಂದ ಹೊರಗಟ್ಟಿದರಂತೆ. ಅವ್ವ ಮಾತ್ರ ಹಿತ್ತಲ ಬೇಲಿಯ ಸಂದಿಯಲ್ಲಿ ಜೋಳದ ಗಂಜಿ ಕೊಡುತ್ತಿದ್ದರು. ಹಳೆಯ ನಂಬಿಕೆಯಲ್ಲೇ ಅವರು ತೀರಿಕೊಂಡರು.

ಇವತ್ತು ಅವರ ಜೊತೆ ನಾನೂ ಹೊರಟಿರುವುದು ಗುಡ್ಡದ ಮೇಲಿನ ಉಂಬು ಹುಂಗು ಅಜ್ಜನ ಮನೆಗೆ. ಅಜ್ಜನ ಹೆಂಡತಿ ಯೋವಾ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಮಣ್ಣು ಮಾಡುವ ದಿನ ಬಲಿ ಕೊಡಬೇಕಾದ ಕೋಣಗಳು ಇನ್ನೂ ಕೂಡಿಬಂದಿಲ್ಲ. ಹಾಗಾಗಿ ನಮ್ಮ ಪದ್ಧತಿಯಂತೆ ಅಜ್ಜಿಯ ದೇಹವನ್ನು ಬಟ್ಟೆಗಳಲ್ಲಿ ಸುತ್ತಿ ಮನೆಯಲ್ಲೇ ಕೂರಿಸಿದ್ದಾರೆ. ನೋಡಬಂದವರೆಲ್ಲ ಅವರ ಮುಂದೂ ವೀಳ್ಯ ಇಡುತ್ತಾರೆ. ಅಜ್ಜಿ ತೀರಿಕೊಂಡಾಗ ನೋಡಹೋದ ಕಾಹಿ ಅಜ್ಜನ ವೀಳ್ಯ ತಗೊಂಡರು, ಅಜ್ಜಿಯ ಮುಂದೆ ಇಡಲಿಲ್ಲ. ಅದು ವಿಗ್ರಹಪೂಜೆಯಾದೀತೆಂಬ ಭಯ. ಇಡೀ ಮನೆ ಅದನ್ನು ನೋಡಿತು.

ಅಂದಿನಿಂದ ಅಜ್ಜ ಬುಟ್ಟಿ ಸರಿಸಿಲ್ಲ. ಕಾಹಿ ಹೋಗುವುದನ್ನೂ ಬಿಟ್ಟಿಲ್ಲ. ಪ್ರತಿ ವಾರ ಬಾತುಕೊಂಡ ಮಂಡಿ ಎಳೆದುಕೊಂಡು ಗುಡ್ಡ ಹತ್ತುತ್ತಾರೆ, ಜಗಲಿಯ ಅಂಚಿನಲ್ಲಿ ಸುಮ್ಮನೆ ಕೂತು ಎದ್ದು ಬರುತ್ತಾರೆ. ಮಾತೇ ಕಸುಬಾದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅಜ್ಜನ ಕೆಮ್ಮು ದಿನೇದಿನೇ ಜೋರಾಗುತ್ತಿದೆ. ಹೇಳಬೇಕಾದದ್ದು ಹೇಳುವ ಮೊದಲೇ ಅವರು ಹೋಗಿಬಿಟ್ಟರೆ ಎಂಬುದೇ ಕಾಹಿಯ ಸಂಕಟ.

ಜಗಲಿಯಲ್ಲಿ ಇವತ್ತೂ ಬುಟ್ಟಿ ಅಜ್ಜನ ಮಗ್ಗುಲಲ್ಲೇ ಇದೆ. ಬಹಳ ಹೊತ್ತು ಕೆಮ್ಮಿ, ಅಜ್ಜ ತಾವಾಗಿಯೇ ಕೇಳುತ್ತಾರೆ.

“ನಿನ್ ದೇವ್ರ ಹತ್ರ ಹೋದ್ರೆ ಇವಳು ಸಿಕ್ತಾಳಾ?”

ಕಾಹಿ ಒಳಗಿನ ಬಟ್ಟೆಯ ಸುತ್ತನ್ನು ನೋಡುತ್ತಾರೆ.

“ನಂಗೊತ್ತಿಲ್ಲ ಅಜ್ಜ. ನಮ್ಮವ್ವನೂ ಹಿಂಗೇ ಹೋದ್ಳು. ಸ್ನೇಹಿತನ ಗೋರಿ ಮುಂದೆ ನಿಂತು ಅತ್ತೋನು ಯೇಸು. ಅಂಥೋನ ಕೈಲಿ ಅವ್ವನ್ನ ಬಿಟ್ಟಿದೀನಿ. ಅಜ್ಜಿನೂ ಅಲ್ಲೇ ಬಿಡ್ತೀನಿ. ಆವತ್ತು ಅಜ್ಜಿ ಮುಂದೆ ವೀಳ್ಯ ಇಡ್ದೇ ಇದ್ದದ್ದು ನನ್ ತಪ್ಪು. ಮರ್ಯಾದೆ ಬೇರೆ, ಪೂಜೆ ಬೇರೆ ಅಂತ ತಿಳೀಲಿಲ್ಲ” ಅನ್ನುತ್ತಾರೆ.

ಕಾಹಿ ಎದ್ದು ಒಳಗೆ ಹೋಗಿ, ಚೀಲದಿಂದ ಅಡಿಕೆ, ವೀಳ್ಯ ತೆಗೆದು ಯೋವಾ ಅಜ್ಜಿಯ ಮುಂದಿಟ್ಟು ಬರುತ್ತಾರೆ. ಅವರು ಕೂರುವಷ್ಟರಲ್ಲಿ ಬುಟ್ಟಿ ಅವರ ಜಾಗದ ಮುಂದೆ ಬಂದಿದೆ. ಇಬ್ಬರೂ ಬಾಯಿ ಕೆಂಪಾಗುವ ತನಕ ಅಗಿಯುತ್ತಾರೆ.

“ಈಗ ಹೇಳು. ಕೋಣ ಎಷ್ಟು ಕೇಳ್ತಾನೆ ನಿನ್ ದೇವ್ರು?”

“ಒಂದೂ ಕೇಳಲ್ಲ ಅಜ್ಜ. ನಾವು ಕೊಟ್ಟು ಹತ್ರ ಹೋಗೋದಲ್ಲ, ಅವ್ನೇ ಮಗನ್ನ ಕೊಟ್ಟು ಹತ್ರ ಬಂದ. ನಮ್ ತಪ್ಪಿಗೆ ಆ ಮಗ ಸತ್ತ, ಮತ್ತೆ ಎದ್ದ. ಅವನ್ನ ನಂಬು ಅಂತಾನೆ, ಅಷ್ಟೇ.”

“ಬಡವ್ರಿಗೆ ಒಳ್ಳೇ ದೇವ್ರು” ಎಂದು ಅಜ್ಜ ಅಂಗಳಕ್ಕೆ ಉಗುಳುತ್ತಾರೆ. ನಂಬುತ್ತೇನೆ ಅನ್ನಲಿಲ್ಲ. ನಾಳೆ ಬಾ ಅಂದರು.

ಇಳಿಯುವಾಗ ಹಳ್ಳದ ಹತ್ತಿರ ನಾನು ನೀರು ಮೊಗೆದು ಕೊಡುತ್ತೇನೆ. ಕಾಹಿ ಕುಡಿಯುವುದಿಲ್ಲ, ಸೆರಗಿನಲ್ಲಿ ಬಾಯೂ ಒರೆಸಿಕೊಳ್ಳುವುದಿಲ್ಲ.

“ಹುಂಗು ಅಜ್ಜನ ಮನೆ ವೀಳ್ಯ ಇದು. ಊರು ದಾಟೋ ತನಕ ಕೆಂಪಗೇ ಇರ್ಲಿ” ಅನ್ನುತ್ತಾರೆ.