ಎಡಗೈ ಊಟ ಕಲಿಸಿದ ಸುಮಿತ್ರಾ ಸಿಸ್ಟರ್

ಫೋನ್ ಇಟ್ಟು ಎರಡು ಗಂಟೆ ಆಯ್ತು…
ಇನ್ನೂ ಬೇರೆ ಯಾರದೋ ಸುದ್ದಿ ಅಂತಲೇ ಅನ್ನಿಸ್ತಿದೆ.
ನಮ್ಮ ಸುಮಿತ್ರಾ ಸಿಸ್ಟರ್ ಇವತ್ತು ಬೆಳಿಗ್ಗೆ, ತೀರ್ಥಹಳ್ಳಿಯ ಮಗಳ ಮನೆಯಲ್ಲಿ, ಹೋಗಿಬಿಟ್ಟರಂತೆ.

ಅರವತ್ತರ ದಶಕದ ಕೊನೆ.
ಸಾಗರದ ಆಸ್ಪತ್ರೆಯಲ್ಲಿ ನಾನು ಹೊಸ ನರ್ಸ್, ಅವರು ಸೀನಿಯರ್.
ಈಗ ರಿಹ್ಯಾಬಿಲಿಟೇಶನ್ ನರ್ಸ್ ಅಂತ ಕೋರ್ಸೇ ಇದೆ… ಆಗ ಆ ಹೆಸರೂ ನಮಗೆ ಗೊತ್ತಿರಲಿಲ್ಲ.
ಸಿಸ್ಟರ್ ಕೊಟ್ಟ ಟ್ರೈನಿಂಗ್ ಒಂದೇ.
ಪೇಷೆಂಟ್ ತಾನೇ ಎದ್ದು ಕೂರುವಾಗ, ಅಂಗಿ ಗುಂಡಿ ಹಾಕಿಕೊಳ್ಳುವಾಗ, ನಾವು ಪಕ್ಕದಲ್ಲಿ ಕೈ ಹಿಂದೆ ಕಟ್ಟಿ ನಿಲ್ಲಬೇಕು.
ಬೀಳುವ ಹಾಗಾದರೆ ಮಾತ್ರ ಹಿಡಿಯಬೇಕು.
"ಮಾಡಿಕೊಡೋದು ಯಾರಿಗಾದ್ರೂ ಬರ್ತದೆ ಮಾರಾಯ್ತಿ. ಸುಮ್ನೆ ನಿಲ್ಲಕ್ಕೆ ಕಲೀಬೇಕು" ಅನ್ನೋರು.

ಹೊಸನಗರ ಕಡೆಯ ತಿಮ್ಮಾ ನಾಯ್ಕರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು.
ಎಡಗೈಯಲ್ಲಿ ಉಣ್ಣೋದಾ… ಸತ್ತರೂ ಇಲ್ಲ ಅಂದರು.
ಹೆಂಡತಿ ಗೌರಮ್ಮನೇ ತುತ್ತು ಇಡಬೇಕು.
ಊರಲ್ಲಿ ನಾಟಿ ಶುರುವಾಗಿ ಗೌರಮ್ಮ ಹೋಗಲೇಬೇಕಾಯ್ತು. ಅವತ್ತು ನಾಯ್ಕರು ಎರಡು ಹೊತ್ತೂ ಊಟ ಬಿಟ್ಟರು.
ಮರುದಿನ ನಾನೇ ಕಲಸಿ ತಿನ್ನಿಸಿದೆ. ದೊಡ್ಡ ಪುಣ್ಯದ ಕೆಲಸ ಅಂತ ಬೀಗುತ್ತಿದ್ದೆ.
"ನಾಳೆ ಇವ್ರು ಮನೆಗೆ ಹೋಗ್ತಾರಲ್ಲ, ಜೊತೆಗೆ ನೀನೂ ಹೋಗ್ತೀಯಾ?" ಅಂದರು ಸಿಸ್ಟರ್.

ಸಿಸ್ಟರ್… ಆಮೇಲೆ ನೀವು ಮಾಡಿದ್ದು ನೆನಪಿದೆಯಾ?
ನನ್ನ ಕೈಯಲ್ಲೇ ನಿಮ್ಮ ಬಲಗೈಯನ್ನು ಬ್ಯಾಂಡೇಜಿನಿಂದ ಬೆನ್ನಿಗೆ ಕಟ್ಟಿಸಿಕೊಂಡಿರಿ.
ನಾಯ್ಕರ ಎದುರು ಎಲೆ ಹಾಕಿ ಕೂತು, ಎಡಗೈಯಲ್ಲಿ ಅನ್ನ ಸಾರು ಕಲಸಿದಿರಿ.
ಅರ್ಧ ಬಾಯಿಗೆ, ಅರ್ಧ ಬಿಳಿ ಸೀರೆಗೆ…
ಇಡೀ ವಾರ್ಡು ನಕ್ಕಿತು. ನಾಯ್ಕರೂ ನಕ್ಕರು.
"ಎಂತ ಸಿಸ್ಟರೇ, ಮೊದ್ಲು ಗಟ್ಟಿ ಕಲಸ್ಬೇಕು. ಸಾರು ಆಮೇಲೆ."
"ಹಂಗಾದ್ರೆ ತೋರ್ಸಿ ನಾಯ್ಕರೇ."
ತೋರಿಸಿದರು. ತೋರಿಸ್ತಾ ತೋರಿಸ್ತಾ ಉಂಡೇಬಿಟ್ಟರು.
ನಾನು ಕೈ ಹಿಂದೆ ಕಟ್ಟಿ ಅಳುತ್ತಾ ನಿಂತಿದ್ದೆ.

ಹೋದ ವರ್ಷ ನಿಮಗೇ ಸ್ಟ್ರೋಕ್… ಅದೂ ಬಲಗೈಗೇ.
ನೋಡಲು ಬಂದವಳು ಹಳೇ ಚಾಳಿಯಂತೆ ಇಡ್ಲಿ ಮುರಿದು ನಿಮ್ಮ ಬಾಯಿಯ ಹತ್ತಿರ ತಂದೆ.
ನೀವು ನನ್ನ ಕೈಯನ್ನೇ ನೋಡಿದಿರಿ. ತಟ್ಟೆ ಇಟ್ಟು ಕೈ ಹಿಂದೆ ಕಟ್ಟಿದೆ.
ಎಡಗೈಯಲ್ಲಿ ನಿಧಾನ ತಿಂದಿರಿ, ಚೂರೂ ಚೆಲ್ಲದೆ.
"ನಾಯ್ಕರ ಶಿಷ್ಯೆ ಕಣೇ ನಾನು" ಅಂದಿರಿ.

ಇವತ್ತೂ ಗಂಜಿ ನೀವೇ ಕುಡಿದು, ಲೋಟ ನೀವೇ ಕೆಳಗಿಟ್ಟು ಒರಗಿದಿರಂತೆ… ಮಗಳು ಹೇಳಿದಳು.
ದುಃಖ ಇದೆ. ಆದರೂ ಅದನ್ನು ಕೇಳಿ ಮನಸ್ಸು ತುಂಬಿತು.

ಇಷ್ಟು ವರ್ಷ ನೀವು ಹಿಂದೆ ಕಟ್ಟಿಸಿದ ಕೈ, ಸಿಸ್ಟರ್…
ಇವತ್ತು ಮುಂದೆ ತಂದು ಮುಗಿಯುತ್ತಿದ್ದೇನೆ.
ನೆಮ್ಮದಿಯಾಗಿ ಹೋಗಿ ಬನ್ನಿ. ನಿಮ್ಮ ಜೀವ ತಂಪಾಗಿರಲಿ 🙏